ಪ್ರಶ್ನೋತ್ತರ: ಆನ್‌ಲೈನ್ ಅಂಗಡಿಯ ಕೊಂಡಿಗೆ ನೆಟ್ಟಗೊಂದು ಹೆಸರು

ಆನ್‌ಲೈನ್ ಅಂಗಡಿ ನಡೆಸುವ ಓದುಗರು ಯುಆರ್‌ಎಲ್ ಅಲಿಯಾಸ್ (ಪುಟದ ಜಾಲವಿಳಾಸಕ್ಕೆ ಇಡುವ, ಓದಲು ಬರುವ ಹೆಸರು) ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಉದಾಹರಣೆಯ ಕೊಂಡಿಗಳನ್ನು ಓದಲು ಸಲೀಸಾಗಲೆಂದು ಕನ್ನಡ ಅಕ್ಷರದಲ್ಲಿ ಅಚ್ಚು ಮಾಡಿದ್ದೇವೆ. ಟೈಪ್ ಮಾಡುವಾಗ ಅವೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳು ಎಂದುಕೊಳ್ಳಿ. ನಿಜವಾಗಿಯೂ ಕನ್ನಡ ಲಿಪಿಯಲ್ಲೇ ಕೊಂಡಿ ಬೇಕು ಎನ್ನುವವರ ಪ್ರಶ್ನೆ ಮುಂದೆ ಬೇರೆಯೇ ಇದೆ.

ಪ್ರಶ್ನೆ: ನಮ್ಮ ಅಂಗಡಿಯ ಕೊಂಡಿಗಳೆಲ್ಲ "ಇಂಡೆಕ್ಸ್.ಪಿಎಚ್‌ಪಿ?ಪ್ರಾಡಕ್ಟ್_ಐಡಿ=148" ಎಂಬ ರೂಪದಲ್ಲಿವೆ. ಇವನ್ನು ಹೆಸರಿರುವ ಕೊಂಡಿಗಳಾಗಿ ಬದಲಿಸಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆಯೇ?

ಅಷ್ಟರಿಂದಲೇ ಮೇಲೆ ಬರುವುದಿಲ್ಲ. ಕೊಂಡಿಯಲ್ಲಿರುವ ಪದಗಳನ್ನು ಗೂಗಲ್ ಗಮನಿಸುತ್ತದೆ, ಆದರೆ ಅದಕ್ಕೆ ಕೊಡುವ ತೂಕ ತೀರಾ ಕಡಿಮೆ. ಗೂಗಲ್‌ನ ಜಾನ್ ಮ್ಯೂಲರ್ ಇದನ್ನು ಹಲವು ಬಾರಿ ಹೇಳಿದ್ದಾರೆ. ಪುಟದಲ್ಲಿ ಏನಿದೆ ಎಂದು ಓದಿ ತಿಳಿದ ಮೇಲೆ ಕೊಂಡಿಯಲ್ಲಿನ ಪದಕ್ಕೆ ಹೆಚ್ಚು ಕೆಲಸ ಉಳಿಯುವುದಿಲ್ಲ.

ಹಾಗಾದರೆ ಅಲಿಯಾಸ್ ಯಾಕೆ? ಅಲಿಯಾಸ್ ಎಂದರೆ ಒಳಗಿನ ವಿಳಾಸಕ್ಕೆ ಹೊರಗೆ ತೂಗುಹಾಕಿದ ಹೆಸರುಫಲಕ. ಸರಕಿನ 148ನೇ ನಂಬರು ಡೇಟಾಬೇಸಿನಲ್ಲಿ ಹಾಗೆಯೇ ಇರುತ್ತದೆ. ಯಾರಾದರೂ "/ನೀಲಿ-ಸ್ಟೀಲ್-ಬಾಟಲಿ" ಎಂದು ಬಂದಾಗ ತಂತ್ರಾಂಶ ತನ್ನ ಪಟ್ಟಿ ನೋಡಿ 148ರ ಪುಟ ತೆರೆಯುತ್ತದೆ. ನಿಜವಾದ ಲಾಭ ಮನುಷ್ಯರ ಕಡೆಯಿಂದ. ವಾಟ್ಸಾಪಿನಲ್ಲಿ ಬಂದ ಕೊಂಡಿ ಯಾವ ವಸ್ತುವಿನದು ಎಂದು ಒತ್ತುವ ಮೊದಲೇ ಗೊತ್ತಾಗುತ್ತದೆ. ಯಾರೋ ನಿಮ್ಮ ಕೊಂಡಿಯನ್ನು ಬರೀ ಕೊಂಡಿಯಾಗಿಯೇ ಬೇರೆ ಜಾಲತಾಣದಲ್ಲಿ ಅಂಟಿಸಿದರೆ, ಅದರೊಳಗಿನ ಪದಗಳೇ ಆ ಲಿಂಕಿನ ಪಠ್ಯವೂ ಆಗುತ್ತವೆ. ನಿಮ್ಮದೇ ಅಂಕಿಅಂಶದ ವರದಿಯಲ್ಲಿ ಯಾವ ಪುಟಕ್ಕೆ ಎಷ್ಟು ಜನ ಬಂದರು ಎಂದು ಓದಲು ಸುಲಭ. ಮುಂದೆಂದಾದರೂ ತಂತ್ರಾಂಶ ಬದಲಿಸಿದರೆ 148 ಎಂಬ ನಂಬರು ಬದಲಾಗಬಹುದು, ಹೆಸರನ್ನು ಮಾತ್ರ ಹಾಗೆಯೇ ಕೊಂಡೊಯ್ಯಬಹುದು. ಇದೇ ನಮ್ಮ ಲೆಕ್ಕದಲ್ಲಿ ದೊಡ್ಡ ಲಾಭ.

ಅಂಗಡಿ ಹೊಸದಾಗಿದ್ದರೆ ಇವತ್ತೇ ಶುರುಮಾಡಿ. ಹಳೆಯ ಅಂಗಡಿಗೆ ಈಗಾಗಲೇ ಓದಲು ಬರುವ ಕೊಂಡಿಗಳಿದ್ದು, ಅವು ಇನ್ನಷ್ಟು ಚೆನ್ನಾಗಿರಲಿ ಎಂದಷ್ಟೇ ಕೈಹಾಕುವುದಾದರೆ ಬೇಡ. ಬದಲಾವಣೆಗೆ ತೆರುವ ಬೆಲೆ ಲಾಭಕ್ಕಿಂತ ಹೆಚ್ಚು.

ಪ್ರಶ್ನೆ: ಸರಕಿನ ಹೆಸರಿನಿಂದ ತಂತ್ರಾಂಶವೇ ತಯಾರಿಸುವ ಅಲಿಯಾಸ್ ಸಾಕಲ್ಲವೇ? ಕೈಯಾರೆ ಬರೆಯಬೇಕೇ?

ಹತ್ತರಲ್ಲಿ ಏಳೆಂಟು ಕಡೆ ಸಾಕಾಗಬಹುದು, ಉಳಿದವು ಕೆಡಿಸುತ್ತವೆ. ಒಂದು ಹೆಸರನ್ನೇ ಬಿಡಿಸಿ ನೋಡೋಣ: "ಸ್ಟೀಲ್ ಬಾಟಲಿ #5, 1.5 ಲೀಟರ್, 3/4 ಇಂಚಿನ ಮುಚ್ಚಳ, 100% ಸೋರುವುದಿಲ್ಲ - ಹೊಸತು!"

ಸರಕಿನ ಹೆಸರಾಗಿ ಇದರಲ್ಲಿ ತಪ್ಪೇನಿಲ್ಲ, ಕೊಂಡಿಯಾದಾಗ ಇದರೊಳಗೆ ನಾಲ್ಕು ಗುಂಡಿಗಳಿವೆ. ಹ್ಯಾಶ್ ಚಿಹ್ನೆ ಹಾಗೆಯೇ ಉಳಿದುಬಿಟ್ಟರೆ ಅದರ ಮುಂದಿನದನ್ನೆಲ್ಲ ಬ್ರೌಸರ್ ಪುಟದೊಳಗಿನ ಜಾಗದ ಗುರುತು ಎಂದುಕೊಳ್ಳುತ್ತದೆ, ಸರ್ವರಿಗೆ ಕಳಿಸುವುದೇ ಇಲ್ಲ. ಚುಕ್ಕಿಯನ್ನು ಕೆಲವು ತಂತ್ರಾಂಶಗಳು ಸುಮ್ಮನೆ ಕಿತ್ತುಹಾಕುತ್ತವೆ, ಆಗ 1.5 ಲೀಟರ್ ಹೋಗಿ 15 ಲೀಟರ್ ಆಗುತ್ತದೆ. 3/4ರ ಗೆರೆ ಹೊಸದೊಂದು ಹಂತದ ಫೋಲ್ಡರಿನಂತೆ ಕಾಣುತ್ತದೆ. ಶೇಕಡಾ ಚಿಹ್ನೆ ಎಲ್ಲಕ್ಕಿಂತ ಕೆಟ್ಟದ್ದು. ಕೊಂಡಿಯಲ್ಲಿ ಅದರ ಬೆನ್ನಿಗೆ ಎರಡು ಹೆಕ್ಸಾಡೆಸಿಮಲ್ ಅಂಕಿಗಳು ಬರಲೇಬೇಕು, ಬರದಿದ್ದರೆ ಎಷ್ಟೋ ಸರ್ವರುಗಳು ಕೋರಿಕೆಯೇ ಸರಿಯಿಲ್ಲ ಎಂಬ 400 ದೋಷ ಕೊಟ್ಟು ಬಾಗಿಲು ಹಾಕುತ್ತವೆ. ಒಳ್ಳೆಯ ತಂತ್ರಾಂಶ ಇವನ್ನೆಲ್ಲ ತಾನೇ ಸೋಸುತ್ತದೆ ನಿಜ. ಆದರೆ ಎಕ್ಸೆಲ್ ಹಾಳೆಯಿಂದ ಸಾವಿರ ಸರಕುಗಳನ್ನು ಒಮ್ಮೆಲೇ ಏರಿಸುವಾಗ ಅಲಿಯಾಸಿನ ಕಾಲಮ್ಮನ್ನೂ ನೀವೇ ತುಂಬಿದ್ದರೆ ಈ ಜರಡಿ ಕೆಲಸ ಮಾಡದೆಯೂ ಇರಬಹುದು.

ಇದೇ ಸರಕಿಗೆ ನಾವಾದರೆ ಇಡುವುದು "/ಸ್ಟೀಲ್-ಬಾಟಲಿ-1500-ಎಂಎಲ್". ಚುಕ್ಕಿಯ ರಗಳೆಯೇ ಬೇಡ ಎಂದು ಅಳತೆಯನ್ನು ಮಿಲಿಲೀಟರಿಗೆ ಇಳಿಸಿದ್ದೇವೆ. "ಹೊಸತು" ಎಂಬುದನ್ನು ಬಿಟ್ಟಿದ್ದೇವೆ, ಯಾಕೆಂದರೆ ಆರು ತಿಂಗಳಲ್ಲಿ ಅದು ಹಳತಾಗುತ್ತದೆ. ಬೆಲೆ, ರಿಯಾಯಿತಿ, ವರ್ಷ, "ಅತ್ಯುತ್ತಮ", "ಅಗ್ಗ" ಇವಕ್ಕೂ ಇದೇ ಮಾತು. ಪದಗಳ ನಡುವೆ ಹೈಫನ್ ಇರಲಿ, ಅಂಡರ್‌ಸ್ಕೋರ್ ಬೇಡ. ಹೈಫನ್ನನ್ನು ಪದಗಳ ನಡುವಿನ ಬಿಡುವು ಎಂದು ಗೂಗಲ್ ಓದುತ್ತದೆ, ತನ್ನ ಮಾರ್ಗಸೂಚಿಯಲ್ಲೂ ಅದನ್ನೇ ಬಳಸಲು ಹೇಳುತ್ತದೆ. ಮೂರರಿಂದ ಆರು ಪದ ಸಾಕು. ಒಂದೇ ಪದವನ್ನು ಎರಡು ಸಲ ತುರುಕಿದರೆ ಕೊಂಡಿ ಉದ್ದವಾಗುತ್ತದೆ, ಅಷ್ಟೇ.

ಮಾದರಿ ಸಂಖ್ಯೆ ಹಾಕಬೇಕೇ ಎಂಬುದು ಸರಕನ್ನು ನೋಡಿ ಹೇಳಬೇಕಾದ ಮಾತು. ಪ್ರಿಂಟರಿನ ಶಾಯಿ, ಬಿಡಿಭಾಗ, ಬ್ಯಾಟರಿ ಇಂಥವನ್ನು ಜನ ಮಾದರಿ ಸಂಖ್ಯೆಯಿಂದಲೇ ಹುಡುಕುತ್ತಾರೆ, ಅಲ್ಲಿ ಇರಲೇಬೇಕು. ಬಟ್ಟೆಗೆ ನಿಮ್ಮ ಗೋದಾಮಿನ ಒಳಸಂಖ್ಯೆ ಹಾಕಿ ಯಾರಿಗೂ ಪ್ರಯೋಜನವಿಲ್ಲ.

ಇನ್ನೊಂದು ಸಣ್ಣ ಕಿರಿಕಿರಿ. ಇರುವ ಸರಕಿನ ಪ್ರತಿ ತೆಗೆದು ಹೊಸತನ್ನು ಸೇರಿಸಿದಾಗ ಅಲಿಯಾಸಿಗೆ "ಕಾಪಿ" ಎಂಬ ಬಾಲವೋ "-2" ಎಂಬ ಬಾಲವೋ ಅಂಟಿಕೊಳ್ಳುತ್ತದೆ. ಹೆಸರು ತಿದ್ದಿದರೂ ಅಲಿಯಾಸ್ ಸಾಮಾನ್ಯವಾಗಿ ತಾನಾಗಿ ತಿದ್ದಿಕೊಳ್ಳುವುದಿಲ್ಲ. ಪ್ರಕಟಿಸುವ ಮೊದಲು ಆ ಖಾನೆಯ ಮೇಲೊಮ್ಮೆ ಕಣ್ಣಾಡಿಸಿ. ಪ್ರಕಟಿಸಿದ ಮೇಲೆ ತಿದ್ದಿದರೆ ಅದಾಗಲೇ ವಿಳಾಸ ಬದಲಾವಣೆ.

ಪ್ರಶ್ನೆ: ನಮ್ಮ ಗ್ರಾಹಕರೆಲ್ಲ ಕನ್ನಡಿಗರು. ಅಲಿಯಾಸನ್ನು ಕನ್ನಡ ಲಿಪಿಯಲ್ಲೇ ಇಟ್ಟರೆ ಆಗದೇ?

ಆಗುತ್ತದೆ. ಗೂಗಲ್‌ಗೆ ಯಾವ ತೊಂದರೆಯೂ ಇಲ್ಲ, ಓದುಗರ ಭಾಷೆಯ ಪದಗಳನ್ನೇ ಕೊಂಡಿಯಲ್ಲಿ ಬಳಸಿ ಎಂದು ಅದೇ ಸಲಹೆ ಕೊಡುತ್ತದೆ. ತೊಂದರೆ ಇರುವುದು ದಾರಿಯಲ್ಲಿ.

ಕೊಂಡಿಯೊಳಗೆ ನೇರವಾಗಿ ಹೋಗಬಲ್ಲವು ಇಂಗ್ಲಿಷ್ ಅಕ್ಷರ, ಅಂಕಿ, ಕೆಲವೇ ಚಿಹ್ನೆಗಳು. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಪದ್ಧತಿ) 3 ಬೈಟ್ ಆಗುತ್ತದೆ, ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬರೆಯಬೇಕು. ಅಲ್ಲಿಗೆ ಒಂದು ಸಂಕೇತಕ್ಕೆ 9 ಅಕ್ಷರ. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ "ಬಾಟಲಿ"ಯಲ್ಲಿ ಬ, ಆಕಾರದ ದೀರ್ಘ, ಟ, ಲ, ಇಕಾರದ ಗುಡಿಸು ಎಂದು ಐದು ಸಂಕೇತಗಳಿವೆ, ಅಂದರೆ 45 ಅಕ್ಷರ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಚೆಂದದ ಕನ್ನಡವೇ ಕಾಣುತ್ತದೆ. ಆದರೆ ನಕಲು ಮಾಡಿ ಇಮೇಲಿಗೋ ಚಾಟಿಗೋ ಅಂಟಿಸಿದರೆ ಬಹಳ ಸಲ ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿ ಬಂದು ಕೂರುತ್ತದೆ. ಓದಲು ಸುಲಭವಾಗಲಿ ಎಂದು ಮಾಡಿದ ಕೆಲಸ ಅಲ್ಲಿಗೆ ನೀರಿನಲ್ಲಿ ಹೋಮ.

ವರ್ಡ್‌ಪ್ರೆಸ್ ಮತ್ತು ಅದರ ಮೇಲೆ ನಿಂತ ವೂಕಾಮರ್ಸ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಸ್ಲಗ್‌ಗೆ (ಅಲಿಯಾಸಿಗೆ ಅಲ್ಲಿರುವ ಹೆಸರು ಇದು) ಇರುವ ಜಾಗ 200 ಅಕ್ಷರ, ಈ ಲೆಕ್ಕ ಶೇಕಡಾ ರೂಪದಲ್ಲಿ. ಕನ್ನಡಕ್ಕೆ ಸುಮಾರು 22 ಸಂಕೇತ ಮಾತ್ರ ಸಿಗುತ್ತದೆ. "ಮುಚ್ಚಳ-ಇರುವ-ನೀಲಿ-ಸ್ಟೀಲ್-ಬಾಟಲಿ" ಎಂಬುದಕ್ಕೆ 229 ಬೇಕು. ಹಾಗಾಗಿ "ಸ್ಟೀಲ್" ಮುಗಿದು ಹೈಫನ್ ಬಂದು "ಬ" ಎಂಬಲ್ಲಿಗೆ ಕತ್ತರಿ ಬೀಳುತ್ತದೆ. ಮುಖ್ಯ ಪದವಾದ ಬಾಟಲಿಯೇ ಹೊರಗೆ! ಕನ್ನಡದಲ್ಲಿ ನಾಮಪದ ಕೊನೆಗೆ ಬರುವುದರಿಂದ ಪ್ರತಿ ಸಲವೂ ಪೆಟ್ಟು ಬೀಳುವುದು ಅದಕ್ಕೇ. ಕನ್ನಡದ್ದೇ ಇಡುವುದಾದರೆ ಎರಡು ಮೂರು ಪದಕ್ಕೆ ನಿಲ್ಲಿಸಿ.

ಕಣ್ಣಿಗೆ ಕಾಣದ ತೊಡಕುಗಳೂ ಇವೆ. "ಸಾಫ್ಟ್‌ವೇರ್" ಎಂದು ಬಿಡಿಸಿ ಬರೆಯಲು ಕೀಲಿಮಣೆಯವರು ಒತ್ತುವ ಅದೃಶ್ಯ ಅಕ್ಷರವೊಂದಿದೆ, ಝಡ್‌ಡಬ್ಲ್ಯುಎನ್‌ಜೆ. ಅದಿರುವ ಕೊಂಡಿ ಬೇರೆ, ಇಲ್ಲದ ಕೊಂಡಿ ಬೇರೆ. ಕೆಲವು ತಂತ್ರಾಂಶಗಳು ಅದನ್ನು ಕಿತ್ತುಹಾಕುತ್ತವೆ, ಕೆಲವು ಹಾಗೆಯೇ ಉಳಿಸುತ್ತವೆ. ಹಾಗೆಯೇ "ಕೊ" ಎಂಬುದರ ಒತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬಿನಿಳಿ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಸರ್ವರಿಗೆ ಎರಡೂ ಬೇರೆ. ಬೇರೆ ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ ಹೆಸರುಗಳಲ್ಲಿ "ಕೊಂಡಿ ಸರಿಯಾಗಿಯೇ ಇದೆ, ಆದರೂ 404 (ಪುಟ ಸಿಗಲಿಲ್ಲ ಎಂಬ ದೋಷ) ಬರುತ್ತಿದೆ" ಎಂಬ ದೂರಿನ ಹಿಂದೆ ಇದೇ ಇರುವುದುಂಟು.

ನಮ್ಮ ಸಲಹೆ: ಪುಟದ ಶೀರ್ಷಿಕೆ, ವಿವರಣೆ, ಚಿತ್ರದ ಪರ್ಯಾಯ ಪಠ್ಯ ಎಲ್ಲವೂ ಕನ್ನಡದಲ್ಲಿರಲಿ. ಹುಡುಕಾಟದಲ್ಲಿ ತೂಕ ಅವಕ್ಕೇ. ಅಲಿಯಾಸನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡಿ, ಕನ್ನಡ ಪದವನ್ನೇ ಲಿಪ್ಯಂತರ ಮಾಡಿದರೂ ಸರಿ. ಒಂದೇ ಷರತ್ತು, ದೀರ್ಘಕ್ಕೆ ಒಂದು ಎ ಹಾಕುತ್ತೀರೋ ಎರಡು ಹಾಕುತ್ತೀರೋ ಮೊದಲೇ ತೀರ್ಮಾನಿಸಿ ಅಂಗಡಿ ಪೂರ್ತಿ ಅದನ್ನೇ ಪಾಲಿಸಿ.

ಪ್ರಶ್ನೆ: ಬೇರೆ ಬೇರೆ ತಂತ್ರಾಂಶಗಳಲ್ಲಿ ಅಲಿಯಾಸ್ ಎಲ್ಲಿ ಸಿಗುತ್ತದೆ?

ವೂಕಾಮರ್ಸ್‌ನಲ್ಲಿ ಸರಕಿನ ಸಂಪಾದನೆ ಪುಟದಲ್ಲಿ ಶೀರ್ಷಿಕೆಯ ಕೆಳಗಿನ ಪರ್ಮಾಲಿಂಕ್. ಒಟ್ಟು ರಚನೆ ಸೆಟ್ಟಿಂಗ್ಸ್ ಒಳಗಿನ ಪರ್ಮಾಲಿಂಕ್ಸ್‌ನಲ್ಲಿದೆ. ಸರಕಿಗೂ ವಿಭಾಗಕ್ಕೂ ಒಂದೇ ಪೂರ್ವಪದ ಕೊಡಬೇಡಿ, ಎರಡರ ನಿಯಮಗಳು ಡಿಕ್ಕಿ ಹೊಡೆದು ಒಂದು ಕಡೆಯವೆಲ್ಲ 404 ಆಗುತ್ತವೆ. ಸ್ಲಗ್ ಬದಲಿಸಿದರೆ ಹಳೆಯದನ್ನು ವರ್ಡ್‌ಪ್ರೆಸ್ ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದೆ, ಆದರೆ ಇದು ಸರಕಿಗೆ ಮಾತ್ರ. ವಿಭಾಗದ ಸ್ಲಗ್ ಬದಲಿಸಿದರೆ ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು) ನೀವೇ ಮಾಡಬೇಕು.

ಶಾಪಿಫೈಯಲ್ಲಿ ಇದರ ಹೆಸರು ಹ್ಯಾಂಡಲ್, ಸರಕಿನ ಪುಟದ ಕೆಳಗೆ ಸರ್ಚ್ ಎಂಜಿನ್ ಲಿಸ್ಟಿಂಗ್ ಎಂಬಲ್ಲಿದೆ. ಮುಂದಿರುವ "/ಪ್ರಾಡಕ್ಟ್ಸ್/" ಎಂಬುದನ್ನು ತೆಗೆಯಲು ಬರುವುದಿಲ್ಲ, ಅದಕ್ಕಾಗಿ ಸಮಯ ವ್ಯರ್ಥ ಮಾಡಬೇಡಿ. ಹ್ಯಾಂಡಲ್ ಬದಲಿಸುವಾಗ ಹಳೆಯದರಿಂದ ರೀಡೈರೆಕ್ಟ್ ಸೃಷ್ಟಿಸುವ ಟಿಕ್ ಗುರುತು ಕಾಣಿಸಿಕೊಳ್ಳುತ್ತದೆ, ಅದನ್ನು ತೆಗೆಯಬೇಡಿ. ಅಲ್ಲಿನ ರೀಡೈರೆಕ್ಟ್ ಹಳೆಯ ವಿಳಾಸದಲ್ಲಿ ಪುಟ ಇಲ್ಲದಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಪುಟ ಇನ್ನೂ ಜೀವಂತವಾಗಿದ್ದರೆ ರೀಡೈರೆಕ್ಟ್ ಬರೆದಿಟ್ಟರೂ ಹಳೆ ಪುಟವೇ ತೆರೆದುಕೊಳ್ಳುತ್ತದೆ.

ಮೆಜೆಂಟೋದಲ್ಲಿ ಯುಆರ್‌ಎಲ್ ಕೀ, ಅದರ ಪಕ್ಕದಲ್ಲೇ ಶಾಶ್ವತ ರೀಡೈರೆಕ್ಟಿನ ಟಿಕ್. ಡ್ರೂಪಲ್‌ನಲ್ಲಿ ಇದಕ್ಕೆ ಯುಆರ್‌ಎಲ್ ಅಲಿಯಾಸ್ ಎಂದೇ ಹೆಸರು. ಪಾಥ್‌ಆಟೋ ಮಾಡ್ಯೂಲ್ ಹಾಕಿದರೆ ನಮೂನೆ ಕೊಟ್ಟು ತಾನಾಗಿ ಹುಟ್ಟಿಸಬಹುದು. ಜೊತೆಗೆ ರೀಡೈರೆಕ್ಟ್ ಮಾಡ್ಯೂಲನ್ನೂ ಹಾಕಿ, ಇಲ್ಲದಿದ್ದರೆ ಶೀರ್ಷಿಕೆ ತಿದ್ದಿದಾಗ ಹಳೆಯ ಅಲಿಯಾಸ್ ಸದ್ದಿಲ್ಲದೆ ಅಳಿಸಿಹೋಗಬಹುದು.

ಓಪನ್‌ಕಾರ್ಟ್‌ನಲ್ಲಿ ಸರಕಿನ ಎಸ್‌ಇಒ (ಸರ್ಚ್ ಎಂಜಿನ್‌ಗೆ ಹೊಂದುವಂತೆ ಸಜ್ಜುಮಾಡುವ ಕೆಲಸ) ಟ್ಯಾಬಿನಲ್ಲಿ ಕೀವರ್ಡ್ ತುಂಬಬೇಕು. ಅದಕ್ಕೂ ಮೊದಲು ಸೆಟ್ಟಿಂಗ್ಸ್‌ನ ಸರ್ವರ್ ಟ್ಯಾಬಿನಲ್ಲಿ ಎಸ್‌ಇಒ ಯುಆರ್‌ಎಲ್ ಚಾಲೂ ಮಾಡಬೇಕು. ಮುಂದಿನ ಪ್ರಶ್ನೆ ಬಂದಿರುವುದು ಅಲ್ಲಿಂದಲೇ.

ಪ್ರಶ್ನೆ: ಎಸ್‌ಇಒ ಯುಆರ್‌ಎಲ್ ಚಾಲೂ ಮಾಡಿದ ಕೂಡಲೇ ಮುಖಪುಟ ಬಿಟ್ಟು ಉಳಿದೆಲ್ಲ ಪುಟಗಳೂ 404. ಯಾಕೆ?

ಹೊಸ ಕೊಂಡಿಯನ್ನು ತಂತ್ರಾಂಶದ ಕೈಗೆ ಕೊಡಬೇಕಾದ ನಿಯಮ ಸರ್ವರಿನಲ್ಲಿ ಇಲ್ಲ. "ನೀಲಿ-ಸ್ಟೀಲ್-ಬಾಟಲಿ" ಎಂಬ ಫೈಲನ್ನು ಸರ್ವರ್ ಡಿಸ್ಕಿನಲ್ಲಿ ಹುಡುಕುತ್ತಿದೆ, ಅಂಥದ್ದು ಎಲ್ಲಿದೆ? ಓಪನ್‌ಕಾರ್ಟ್ ಜೊತೆ ಬರುವ ".ಎಚ್‌ಟಿಆಕ್ಸೆಸ್.ಟಿಎಕ್ಸ್‌ಟಿ" ಎಂಬ ಫೈಲಿನ ಕೊನೆಯ ಬಾಲ ತೆಗೆದು ಹೆಸರು ಬದಲಿಸಿ. ಆಮೇಲೂ ಸರಿಯಾಗದಿದ್ದರೆ ಅಪಾಚೆ ಎಂಬ ಸರ್ವರ್ ತಂತ್ರಾಂಶದಲ್ಲಿ ಮಾಡ್ ರಿರೈಟ್ (ಕೊಂಡಿ ತಿರುಗಿಸುವ ಭಾಗ) ಚಾಲೂ ಇದೆಯೇ, ಅಲೋಓವರ್‌ರೈಡ್ ಎಂಬುದು "ನನ್" ಎಂದೇ ಉಳಿದಿದೆಯೇ ನೋಡಿ. ಅಪಾಚೆ 2.4ರಲ್ಲಿ ಅದರ ಪೂರ್ವನಿಗದಿ ಬೆಲೆಯೇ "ನನ್", ಹಾಗಿದ್ದರೆ ಎಚ್‌ಟಿಆಕ್ಸೆಸ್ ಫೈಲನ್ನು ಅದು ಓದುವುದೇ ಇಲ್ಲ. ನಿಮ್ಮ ಸರ್ವರ್ ಎಂಜಿನ್ಎಕ್ಸ್ ಆದರೆ ಈ ಫೈಲಿಗೆ ಅರ್ಥವೇ ಇಲ್ಲ, ನಿಯಮವನ್ನು ಅದರ ಸಂರಚನೆಯಲ್ಲೇ ಬರೆಯಬೇಕು. ವೂಕಾಮರ್ಸ್‌ನಲ್ಲಿ ಇದೇ ಲಕ್ಷಣ ಕಂಡರೆ ಮೊದಲು ಪರ್ಮಾಲಿಂಕ್ಸ್ ಪುಟಕ್ಕೆ ಹೋಗಿ ಏನೂ ಬದಲಿಸದೆ ಸೇವ್ ಒತ್ತಿ. ನಿಯಮಗಳು ಹೊಸದಾಗಿ ಬರೆದುಕೊಳ್ಳುತ್ತವೆ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಪ್ರಶ್ನೆ: ವಿಭಾಗದ ಹೆಸರೂ ಕೊಂಡಿಯಲ್ಲಿ ಇರಬೇಕೇ? ನಮ್ಮ ಒಂದೇ ಬಾಟಲಿ ಅಡುಗೆಮನೆ, ಪ್ರಯಾಣ, ಉಡುಗೊರೆ ಮೂರೂ ವಿಭಾಗಗಳಲ್ಲಿದೆ.

ಬೇಡ. ವಿಭಾಗ ಸೇರಿಸಿದರೆ ಒಂದೇ ಪುಟಕ್ಕೆ ಮೂರು ವಿಳಾಸ ಹುಟ್ಟುತ್ತದೆ. ನಾಳೆ "ಪ್ರಯಾಣ" ವಿಭಾಗವನ್ನು "ಪ್ರವಾಸ" ಎಂದು ಬದಲಿಸಿದರೆ ಅದರಡಿಯ ಎಲ್ಲ ಸರಕುಗಳ ವಿಳಾಸವೂ ಒಂದೇ ಏಟಿಗೆ ಬದಲಾಗುತ್ತದೆ. ಸರಕಿನ ವಿಳಾಸ ಚಪ್ಪಟೆಯಾಗಿರಲಿ, ವಿಭಾಗಕ್ಕೆ ಅದರದೇ ಪ್ರತ್ಯೇಕ ಅಲಿಯಾಸ್ ಇರಲಿ. ಗ್ರಾಹಕರು ಎಲ್ಲಿದ್ದಾರೆ ಎಂದು ತೋರಿಸಲು ಪುಟದ ಮೇಲ್ಭಾಗದ ಬ್ರೆಡ್‌ಕ್ರಂಬ್ ಇದೆ.

ಈಗಾಗಲೇ ಮೂರು ವಿಳಾಸಗಳಿದ್ದರೆ ಕ್ಯಾನೊನಿಕಲ್ ಟ್ಯಾಗ್ ಬೇಕು. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ 2009ರಲ್ಲಿ ತಂದ ಏರ್ಪಾಡು ಇದು. "ಈ ಪುಟ ಎಷ್ಟು ವಿಳಾಸಗಳಲ್ಲಿ ಸಿಕ್ಕರೂ ಅಸಲಿ ವಿಳಾಸ ಇದೇ" ಎಂದು ಪುಟದ ಹೆಡ್ ಭಾಗದಲ್ಲಿ ಹೇಳುವ ಒಂದು ಸಾಲು. ಶಾಪಿಫೈಯಲ್ಲಿ ಕಲೆಕ್ಷನ್ ಮೂಲಕ ತೆರೆದ ಸರಕಿನ ಪುಟಕ್ಕೂ ಈ ಸಾಲು ತಾನಾಗಿ ಬರುತ್ತದೆ. ಆದರೆ ಇದು ಸುಳಿವೇ ಹೊರತು ಆಜ್ಞೆಯಲ್ಲ. ಟ್ಯಾಗ್ ಒಂದು ವಿಳಾಸ ಹೇಳಿ, ಸೈಟ್‌ಮ್ಯಾಪ್ (ನಿಮ್ಮ ಪುಟಗಳ ಪಟ್ಟಿಯ ಫೈಲ್) ಇನ್ನೊಂದು ಹೇಳಿ, ನಿಮ್ಮ ಮೆನು ಮೂರನೆಯದಕ್ಕೆ ಕಳಿಸುತ್ತಿದ್ದರೆ ಗೂಗಲ್ ತನಗೆ ತೋಚಿದ್ದನ್ನು ಆರಿಸಿಕೊಳ್ಳುತ್ತದೆ. ಜಾಲತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲಿನ ಪುಟಗಳ ವರದಿಯಲ್ಲಿ "ನಕಲು, ಬಳಕೆದಾರರು ಸೂಚಿಸಿದ್ದಕ್ಕಿಂತ ಬೇರೆ ಕ್ಯಾನೊನಿಕಲ್ ಆಯ್ಕೆಯಾಗಿದೆ" ಎಂಬರ್ಥದ ಸಾಲು ಕಂಡರೆ ಈ ಗೊಂದಲವೇ ಕಾರಣವಿರಬಹುದು.

ನಕಲು ವಿಳಾಸಗಳನ್ನು ರೋಬಾಟ್ಸ್ ಫೈಲಿನಲ್ಲಿ (ಸರ್ಚ್ ಎಂಜಿನ್‌ಗಳಿಗೆ ಎಲ್ಲಿ ಬರಬೇಡಿ ಎಂದು ಹೇಳುವ ಫೈಲ್) ತಡೆಯುವುದು ಇಲ್ಲಿ ಉಲ್ಟಾ ಹೊಡೆಯುತ್ತದೆ. ಪುಟ ತೆರೆಯಲು ಬಿಡದಿದ್ದರೆ ಅದರೊಳಗಿನ ಕ್ಯಾನೊನಿಕಲ್ ಸಾಲನ್ನು ಗೂಗಲ್ ಓದುವುದಾದರೂ ಹೇಗೆ?

ಪ್ರಶ್ನೆ: ನಾಲ್ಕುನೂರು ಸರಕುಗಳ ಹಳೆಯ ನಂಬರ್ ಕೊಂಡಿಗಳನ್ನು ಒಂದೇ ದಿನ ಹೆಸರಿನ ಕೊಂಡಿಗಳಾಗಿ ಬದಲಿಸಿದೆವು. ಎರಡು ವಾರದಲ್ಲಿ ಗೂಗಲ್‌ನಿಂದ ಬರುವವರು ಅರ್ಧಕ್ಕರ್ಧ ಇಳಿದಿದ್ದಾರೆ. ಹಿಂದಿನಂತೆ ಮಾಡಿಬಿಡಲೇ?

ಮಾಡಬೇಡಿ. ಹಿಂದಿನಂತೆ ಮಾಡಿದರೆ ಅದು ಎರಡನೇ ಬದಲಾವಣೆ. ಮೊದಲು ಹಳೆಯ ಕೊಂಡಿಗಳಲ್ಲಿ ಹತ್ತನ್ನು ಆರಿಸಿ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟುಕೊಂಡು ಮೊದಲ ಸಾಲಿನ ಸಂಖ್ಯೆ ನೋಡಿ.

404 ಬಂದರೆ ರೀಡೈರೆಕ್ಟ್ ಇಲ್ಲವೇ ಇಲ್ಲ. 200 ಬಂದರೆ ಹಳೆಯದೂ ಹೊಸದೂ ಎರಡೂ ತೆರೆಯುತ್ತಿವೆ, ಒಂದೇ ಪುಟದ ಎರಡು ಪ್ರತಿಗಳು. 302 ಬಂದರೆ "ತಾತ್ಕಾಲಿಕವಾಗಿ ಅಲ್ಲಿದ್ದೇವೆ" ಎಂದು ಹೇಳುತ್ತಿದ್ದೀರಿ, ಗೂಗಲ್ ಹಳೆ ವಿಳಾಸವನ್ನೇ ಹಿಡಿದುಕೊಂಡಿರಬಹುದು. ಬರಬೇಕಾದ್ದು 301, ಅಂದರೆ ಶಾಶ್ವತ ರೀಡೈರೆಕ್ಟ್, ಅದರ ಮುಂದಿನ ಸಾಲಿನಲ್ಲೇ 200. 301 ಆದ ಮೇಲೆ ಇನ್ನೊಂದು 301, ಮತ್ತೊಂದು 301 ಬಂದರೆ ಅದು ಸರಪಳಿ. ಗೂಗಲ್‌ಬಾಟ್ (ಪುಟಗಳನ್ನು ಓದುತ್ತ ಅಲೆಯುವ ಗೂಗಲ್‌ನ ತಂತ್ರಾಂಶ) ಹತ್ತು ಜಿಗಿತದವರೆಗೆ ಬೆನ್ನುಹತ್ತುತ್ತದೆ, ಹಾಗೆಂದು ಅದನ್ನು ಓಡಾಡಿಸುವ ಅಗತ್ಯವಿಲ್ಲ. ಮೂರರೊಳಗೆ ಇರಲಿ, ಒಂದೇ ಆದರೆ ಲೇಸು. ಸರಪಳಿ ಸಾಮಾನ್ಯವಾಗಿ ಬೆಳೆಯುವುದು ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್, ಅಲ್ಲಿಂದ ಮೂರು ಡಬ್ಲ್ಯು ಇರುವ ರೂಪ, ಅಲ್ಲಿಂದ ಕೊನೆಗೆ ಗೆರೆ (/) ಇರುವ ರೂಪ, ಆಮೇಲೆ ಹೊಸ ಅಲಿಯಾಸ್ ಎಂದು ಒಂದೊಂದೇ ನಿಯಮ ಬೇರೆ ಬೇರೆ ಕಾಲದಲ್ಲಿ ಸೇರಿಕೊಂಡು.

ನಿಮ್ಮ ಹಳೆಯ ಕೊಂಡಿಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದರಿಂದ ಒಂದು ನಿರ್ದಿಷ್ಟ ತಪ್ಪು ಆಗಿರುವ ಸಾಧ್ಯತೆ ಹೆಚ್ಚು. ಅಪಾಚೆಯ ಸರಳ "ರೀಡೈರೆಕ್ಟ್ 301" ಸಾಲು ಪ್ರಶ್ನಾರ್ಥಕ ಚಿಹ್ನೆಯ ಮುಂದಿನ ಭಾಗವನ್ನು ನೋಡುವುದೇ ಇಲ್ಲ. ನಾಲ್ಕುನೂರು ಸಾಲು ಬರೆದಿಟ್ಟರೂ ಒಂದೂ ತಾಗುವುದಿಲ್ಲ. ಇದಕ್ಕೆ ರಿರೈಟ್‌ಕಂಡ್ ಸಾಲಿನಲ್ಲಿ ಕ್ವೆರಿ ಸ್ಟ್ರಿಂಗನ್ನು (ಆ ಮುಂದಿನ ಭಾಗವನ್ನು) ಪರೀಕ್ಷಿಸಿ, ಅದರ ಕೆಳಗೆ ರಿರೈಟ್‌ರೂಲ್ ಬರೆಯಬೇಕು. ಅಲ್ಲೂ ಎರಡು ಕಡೆ ಎಡವುತ್ತಾರೆ. ನಮೂನೆಯ ಮೊದಲಿಗೆ ಟೋಪಿ ಚಿಹ್ನೆ, ಕೊನೆಗೆ ಡಾಲರ್ ಚಿಹ್ನೆ ಹಾಕಿ ಕಟ್ಟದಿದ್ದರೆ 14ಕ್ಕೆ ಬರೆದ ನಿಯಮ 148ಕ್ಕೂ 1402ಕ್ಕೂ ತಾಗಿ ಬಾಟಲಿ ಕೇಳಿದವರನ್ನು ಬಕೆಟ್ಟಿಗೆ ಕಳಿಸುತ್ತದೆ. ಇನ್ನೊಂದು, ಹಳೆಯ ಕ್ವೆರಿ ಭಾಗ ಹೊಸ ಕೊಂಡಿಗೂ ಬಾಲದಂತೆ ಅಂಟಿಕೊಂಡು ಬರುತ್ತದೆ. ಅದನ್ನು ಕತ್ತರಿಸಲು ಗುರಿಯ ಕೊನೆಯಲ್ಲಿ ಖಾಲಿ ಪ್ರಶ್ನಾರ್ಥಕ ಚಿಹ್ನೆ ಇಡಿ, ಅಪಾಚೆ 2.4ರಲ್ಲಿ ಕ್ಯುಎಸ್‌ಡಿ ಎಂಬ ಫ್ಲ್ಯಾಗ್ ಹಾಕಿದರೂ ಆಗುತ್ತದೆ.

ನಿಯಮ ಬರೆದು ಪರೀಕ್ಷಿಸುವಾಗ ಮೊದಲು 302 ಇಟ್ಟು ನೋಡಿ, ಸರಿ ಎನಿಸಿದ ಮೇಲೆ 301 ಮಾಡಿ. 301ನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ತಪ್ಪು ಗುರಿಗೆ 301 ಕೊಟ್ಟು ಆಮೇಲೆ ತಿದ್ದಿದರೂ ನಿಮ್ಮ ಬ್ರೌಸರ್ ಹಳೆಯ ತಪ್ಪಿಗೇ ಹೋಗುತ್ತಿರುತ್ತದೆ, ನಿಯಮ ಕೆಲಸ ಮಾಡುತ್ತಿಲ್ಲ ಎಂದು ನೀವು ತಲೆ ಕೆಡಿಸಿಕೊಳ್ಳುತ್ತೀರಿ.

ಒಂದೊಂದು ಹಳೆಯ ಸರಕೂ ಅದರದೇ ಹೊಸ ಕೊಂಡಿಗೆ ಹೋಗಬೇಕು. ಎಲ್ಲವನ್ನೂ ಮುಖಪುಟಕ್ಕೆ ತಳ್ಳುವುದು ಬಹಳ ಜನ ಹಿಡಿಯುವ ಅಡ್ಡದಾರಿ. ಗೂಗಲ್ ಅದನ್ನು ಸಾಫ್ಟ್ 404 ಎಂದು ಲೆಕ್ಕ ಹಾಕುತ್ತದೆ, ಅಂದರೆ ಪುಟ ಇಲ್ಲ ಎಂದೇ ಅರ್ಥ.

ಇಷ್ಟಾದ ಮೇಲೆ ಒಳಗಿನ ಕೊಂಡಿಗಳು: ಮೆನು, ಬ್ಯಾನರ್, "ಇವನ್ನೂ ನೋಡಿ" ಪಟ್ಟಿ, ಸರಕಿನ ವಿವರಣೆಯೊಳಗೆ ಕೈಯಾರೆ ಬರೆದ ಲಿಂಕುಗಳು, ಆರ್ಡರ್ ಇಮೇಲಿನ ಮಾದರಿ. ಇವು ಹಳೆಯ ವಿಳಾಸವನ್ನೇ ತೋರಿಸುತ್ತಿದ್ದರೆ ರೀಡೈರೆಕ್ಟ್ ಇದ್ದರೂ ಪ್ರತಿ ಕ್ಲಿಕ್ಕಿಗೂ ಸುತ್ತುದಾರಿ. ಕ್ಯಾನೊನಿಕಲ್ ಸಾಲು ಹಳೆಯದಕ್ಕೇ ಬೆರಳು ತೋರಿಸುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಥೀಮಿನಲ್ಲಿ ಅದನ್ನು ಕೈಯಾರೆ ಬರೆದಿದ್ದರೆ ಹೀಗಾಗುತ್ತದೆ, ಹೊಸ ಪುಟ ಹಳೆಯದನ್ನು ಅಸಲಿ ಎನ್ನುತ್ತದೆ, ಹಳೆಯದು ಹೊಸದಕ್ಕೆ ಕಳಿಸುತ್ತದೆ. ಸೈಟ್‌ಮ್ಯಾಪಿನಲ್ಲಿ ಹೊಸ ಕೊಂಡಿಗಳು ಮಾತ್ರ ಇರಲಿ. ಒಂದು ಸೈಟ್‌ಮ್ಯಾಪ್ ಫೈಲಿಗೆ 50,000 ಕೊಂಡಿ, 50 ಎಂಬಿ ಮಿತಿ. ನಾಲ್ಕುನೂರಕ್ಕೆ ಅದರ ಚಿಂತೆಯಿಲ್ಲ.

ಇವೆಲ್ಲ ಸರಿಯಿದ್ದರೂ ಕೆಲವು ವಾರ ಏರುಪೇರು ಇದ್ದೇ ಇರುತ್ತದೆ, ಗೂಗಲ್ ಪ್ರತಿ ಹಳೆ ಕೊಂಡಿಗೂ ಮತ್ತೆ ಬಂದು ಹೋಗಬೇಕಲ್ಲ. ರೀಡೈರೆಕ್ಟ್‌ನಿಂದ ಪೇಜ್‌ರ‍್ಯಾಂಕ್ (ಲಿಂಕುಗಳಿಂದ ಪುಟಕ್ಕೆ ಸಿಗುವ ತೂಕ) ಸೋರುತ್ತದೆ ಎಂಬ ಭಯ ಹಳೆಯದು. 301, 302ರಂಥವುಗಳಿಂದ ಈಗ ಅದು ಕಳೆದುಹೋಗುವುದಿಲ್ಲ ಎಂದು ಗೂಗಲ್‌ನ ಗ್ಯಾರಿ ಇಲ್ಯೆಸ್ 2016ರಲ್ಲೇ ಹೇಳಿದ್ದಾರೆ. ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಿ ಎಂಬುದು ಗೂಗಲ್‌ನ ಸಲಹೆ. ತೆಗೆಯಲೇಬೇಡಿ ಎಂಬುದು ನಮ್ಮದು. ಬೇರೆಯವರ ಜಾಲತಾಣದಲ್ಲಿ, ಯಾರದೋ ಬುಕ್‌ಮಾರ್ಕಿನಲ್ಲಿ ಕುಳಿತ ಹಳೆ ಕೊಂಡಿಗೆ ವರ್ಷ ತುಂಬಿತೆಂದು ಗೊತ್ತಾಗುವುದಿಲ್ಲ.

ಪ್ರಶ್ನೆ: ಬಣ್ಣ, ಅಳತೆ ಒಂದೊಂದಕ್ಕೂ ಬೇರೆ ಅಲಿಯಾಸ್ ಕೊಡಬೇಕೇ? ಫಿಲ್ಟರ್ ಕೊಂಡಿಗಳ ಗತಿಯೇನು?

ಜನ ಅದನ್ನೇ ಬೇರೆಯಾಗಿ ಹುಡುಕುತ್ತಾರೆಯೇ, ಆ ಪುಟದಲ್ಲಿ ಬೇರೆ ಚಿತ್ರ, ಬೇರೆ ವಿವರಣೆ ಕೊಡಬಲ್ಲಿರಾ ಎಂಬೆರಡನ್ನು ಕೇಳಿಕೊಳ್ಳಿ. ಎರಡಕ್ಕೂ ಹೌದು ಎಂದಾದರೆ ಕೊಡಿ. ಶೂವಿನ 7ನೇ ಅಳತೆಗೂ 8ನೇ ಅಳತೆಗೂ ಬೇರೆ ಪುಟ ಮಾಡುವುದರಲ್ಲಿ ಹುರುಳಿಲ್ಲ. ಅವು ಒಂದೇ ಪುಟದ ಆಯ್ಕೆಗಳಾಗಿರಲಿ, ಕ್ಯಾನೊನಿಕಲ್ ಮುಖ್ಯ ಪುಟಕ್ಕೆ ಇರಲಿ.

ಫಿಲ್ಟರುಗಳಿಗೆ ಚೆಂದದ ಅಲಿಯಾಸ್ ಕೊಡುವ ಪ್ಲಗಿನ್‌ಗಳ ಬಗ್ಗೆ ಎಚ್ಚರ. 6 ಬಣ್ಣ, 8 ಅಳತೆ, 5 ಬೆಲೆಯ ಪಟ್ಟಿ, 4 ಬಗೆಯ ವಿಂಗಡಣೆ ಇದ್ದರೆ, ಪ್ರತಿಯೊಂದರಲ್ಲೂ ಒಂದೊಂದೇ ಆರಿಸಿದರೂ 960 ಕೊಂಡಿ. ಅದೂ ಒಂದೇ ವಿಭಾಗಕ್ಕೆ. ಇವನ್ನೆಲ್ಲ ಅಲೆದಾಡುವುದರಲ್ಲೇ ಬಾಟ್‌ಗಳು ಕಾಲ ಕಳೆದು ನಿಮ್ಮ ಹೊಸ ಸರಕಿನತ್ತ ಬರುವುದು ತಡವಾಗುತ್ತದೆ. ಫಿಲ್ಟರ್ ಪ್ರಶ್ನಾರ್ಥಕ ಚಿಹ್ನೆಯ ಮುಂದಿನ ಭಾಗದಲ್ಲೇ ಇರಲಿ. "ಕಪ್ಪು ಓಟದ ಶೂ" ಎಂಬಂತೆ ನಿಜಕ್ಕೂ ಬೇಡಿಕೆಯಿರುವ ಎರಡು ಮೂರನ್ನು ಆರಿಸಿ ಸ್ವಂತ ಅಲಿಯಾಸ್, ಸ್ವಂತ ಶೀರ್ಷಿಕೆ ಇರುವ ಉಪವಿಭಾಗ ಮಾಡಿ.

ಪ್ರಶ್ನೆ: ಕೊಂಡಿಯಲ್ಲಿ ದೊಡ್ಡಕ್ಷರ, ಕೊನೆಯ ಗೆರೆ ಇವೆಲ್ಲ ಮುಖ್ಯವೇ?

ಹೌದು. ಡೊಮೇನ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಅದರ ಮುಂದಿನ ಭಾಗದಲ್ಲಿ ಬೇರೆ ಬೇರೆ. ಕೊನೆಗೆ ಗೆರೆ ಇರುವುದೂ ಇಲ್ಲದ್ದೂ ಎರಡು ವಿಳಾಸ. ಯಾವುದಾದರೂ ಒಂದನ್ನು ಆರಿಸಿ, ಇನ್ನೊಂದನ್ನು 301 ಮಾಡಿ. ಯಾವುದು ಎಂಬುದು ಮುಖ್ಯವಲ್ಲ.

ಪ್ರಶ್ನೆ: ಒಂದು ಸರಕು ಬರುವುದೇ ನಿಂತಿತು. ಅದರ ಅಲಿಯಾಸನ್ನು ಹೊಸ ಸರಕಿಗೆ ಕೊಡಬಹುದೇ?

ಅದೇ ಸರಕಿನ ಹೊಸ ಆವೃತ್ತಿಯಾದರೆ ಕೊಡಬಹುದು, ಆದರೆ ಹಳೆಯದನ್ನು 301 ಮಾಡಿ ಹೊಸದಕ್ಕೆ ಕಳಿಸುವುದು ಹೆಚ್ಚು ಶುಭ್ರ. ಸಂಬಂಧವೇ ಇಲ್ಲದ ಸರಕಿಗೆ ಖಂಡಿತ ಬೇಡ. ಹಳೆಯ ವಿಮರ್ಶೆಗಳ ಲಿಂಕು ಹಿಡಿದು ಬಂದವರು ಇನ್ನೇನನ್ನೋ ನೋಡಿ ಹಿಂದಿರುಗುತ್ತಾರೆ. ಬದಲಿ ಸರಕೇ ಇಲ್ಲದಿದ್ದರೆ 404 ಅಥವಾ 410 (ಪುಟ ಶಾಶ್ವತವಾಗಿ ಹೋಗಿದೆ) ಕೊಡಿ, ಅದರಲ್ಲಿ ಅವಮಾನವೇನಿಲ್ಲ. ತಾತ್ಕಾಲಿಕವಾಗಿ ದಾಸ್ತಾನು ಮುಗಿದಿದ್ದರೆ ಮಾತ್ರ ಪುಟವನ್ನು ಮುಟ್ಟಬೇಡಿ, "ಸದ್ಯ ಲಭ್ಯವಿಲ್ಲ" ಎಂದು ಬರೆದು ಅಲ್ಲೇ ಬಿಡಿ.

ವರ್ಷವರ್ಷವೂ ಬರುವ ರಿಯಾಯಿತಿ ಮಾರಾಟದ ಪುಟಕ್ಕೆ ಇದರ ಉಲ್ಟಾ ನಿಯಮ. ವರ್ಷ ಹಾಕದೆ ಒಂದೇ ಅಲಿಯಾಸ್ ಇಟ್ಟು ಪ್ರತಿ ಸಲವೂ ಒಳಗಿನದ್ದನ್ನು ಬದಲಿಸಿ.

ಪ್ರಶ್ನೆ: ಕರಪತ್ರದ ಕ್ಯುಆರ್ ಕೋಡಿಗೆ ಪುಟ್ಟ ಕೊಂಡಿ ಬೇಕು. ಸರಕಿಗೆ ಎರಡನೇ ಅಲಿಯಾಸ್ ಕೊಡಲೇ?

ಅಲಿಯಾಸ್ ಬೇಡ, ರೀಡೈರೆಕ್ಟ್ ಕೊಡಿ. "/ಬಿ1" ಎಂಬಂಥದ್ದನ್ನು ನಿಮ್ಮದೇ ಡೊಮೇನಿನಲ್ಲಿ ಇಟ್ಟು ಸರಕಿನ ಪುಟಕ್ಕೆ 302 ಮಾಡಿ. ಇಲ್ಲಿ 301 ಬೇಡ, ಯಾಕೆಂದರೆ ಅಚ್ಚಾದ ಕೋಡನ್ನು ತಿದ್ದಲಾಗದು, ಗುರಿಯನ್ನು ಮಾತ್ರ ಮುಂದೆ ಬದಲಿಸಬೇಕಾಗಬಹುದು. "ಕಾರ್ಟ್", "ಚೆಕ್‌ಔಟ್", "ಅಡ್ಮಿನ್", "ಸರ್ಚ್" ಎಂಬ ಹೆಸರುಗಳನ್ನು ಅಂಗಡಿಯ ತಂತ್ರಾಂಶವೇ ಬಳಸುತ್ತಿರುತ್ತದೆ, ಅವನ್ನು ಮುಟ್ಟಬೇಡಿ. ಶಾಪಿಫೈಯಲ್ಲಂತೂ "/ಕಾರ್ಟ್", "/ಆರ್ಡರ್ಸ್", "/ಆಪ್ಸ್" ಎಂದು ಶುರುವಾಗುವ ವಿಳಾಸಗಳಿಂದ ರೀಡೈರೆಕ್ಟ್ ಮಾಡಲು ಬಿಡುವುದೇ ಇಲ್ಲ. ಅಚ್ಚಿಗೆ ಕೊಡುವ ಮೊದಲು ಕೋಡನ್ನು ಎರಡು ಬೇರೆ ಫೋನಿನಲ್ಲಿ, ಅದರಲ್ಲೂ ಒಂದರಲ್ಲಿ ಲಾಗಿನ್ ಆಗದೆ ತೆರೆದು ನೋಡಿ. ಅಂಗಡಿಯವರಾಗಿ ಲಾಗಿನ್ ಆಗಿದ್ದರೆ ಇನ್ನೂ ಪ್ರಕಟವಾಗದ ಪುಟವೂ ನಿಮಗೆ ಚೆನ್ನಾಗಿಯೇ ಕಾಣುತ್ತದೆ.